ನೋಟಿಸಿಗೆ ಕಾರಣ ಕೇಳಿದ ಬಾಡಿಗೆದಾರರು

ನ್ಯೂಯಾರ್ಕ್ ನಗರ ವಸತಿ ಪ್ರಾಧಿಕಾರ ಹುಟ್ಟಿದ್ದು 1934ರಲ್ಲಿ, ಫಿಯೊರೆಲ್ಲೊ ಲಾ ಗಾರ್ಡಿಯಾ ಮೇಯರ್ ಆಗಿ ಬಂದ ವರ್ಷ. ಮರುವರ್ಷ ಡಿಸೆಂಬರ್ 3ರಂದು ಅದರ ಮೊದಲ ವಸತಿ ಸಮುಚ್ಚಯ ‘ಫಸ್ಟ್ ಹೌಸಸ್’ ಮ್ಯಾನ್‌ಹಟನ್ನಿನ ಲೋಯರ್ ಈಸ್ಟ್ ಸೈಡಿನಲ್ಲಿ ಉದ್ಘಾಟನೆಗೊಂಡಿತು. ಸುತ್ತಲಿನ ಬೀದಿಗಳಲ್ಲಿ ಆಗ ಇದ್ದದ್ದು ಟೆನೆಮೆಂಟ್ ಎಂಬ ಹಳೆಯ ಬಾಡಿಗೆ ವಠಾರಗಳು: ಗಾಳಿ ಬೆಳಕಿಲ್ಲದ ಒಳಕೋಣೆಗಳು, ನಾಲ್ಕಾರು ಸಂಸಾರಗಳಿಗೆ ಸೇರಿ ಒಂದೇ ಕಕ್ಕಸು. ಹೊಸ ಮನೆಗಳಲ್ಲಿ ಓಕ್ ಮರದ ನೆಲ, ಹಿತ್ತಾಳೆಯ ಜೋಡಣೆಗಳು, ಪ್ರತಿ ಸಂಸಾರಕ್ಕೂ ಸ್ವಂತ ಬಚ್ಚಲು ಇದ್ದವು. ಕೋಣೆಯೊಂದಕ್ಕೆ ತಿಂಗಳಿಗೆ ಸುಮಾರು 6 ಡಾಲರ್ ಬಾಡಿಗೆ. ನೂರಿಪ್ಪತ್ತು ಚಿಲ್ಲರೆ ಮನೆಗಳಿಗೆ ಸಾವಿರಗಟ್ಟಲೆ ಅರ್ಜಿಗಳು ಬಂದವು.

ಯಾರಿಗೆ ಮನೆ ಕೊಡಬೇಕು ಎಂಬುದನ್ನು ಪ್ರಾಧಿಕಾರದವರು ಅರ್ಜಿದಾರರ ಆಗಿನ ಮನೆಗೇ ಹೋಗಿ ನೋಡಿ ತೀರ್ಮಾನಿಸುತ್ತಿದ್ದರು. ಗಂಡನಿಗೆ ಸ್ಥಿರವಾದ ಕೆಲಸ ಇದೆಯೇ, ಹೆಂಡತಿ ಮನೆ ಒಪ್ಪವಾಗಿ ಇಟ್ಟಿದ್ದಾಳೆಯೇ, ಮಕ್ಕಳು ಹೇಗಿದ್ದಾರೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತಿತ್ತು. ಮನೆ ಸಿಕ್ಕಮೇಲೂ ಈ ನೋಟ ನಿಲ್ಲುತ್ತಿರಲಿಲ್ಲ. ಮೊದಮೊದಲು ಬಾಡಿಗೆ ವಸೂಲಿಗೆ ಮಹಿಳಾ ಸಿಬ್ಬಂದಿ ಮನೆಮನೆಗೆ ಬರುತ್ತಿದ್ದರು. ಬಾಡಿಗೆಯ ಜೊತೆಗೆ ಅಡುಗೆಮನೆಯನ್ನೂ ಒಮ್ಮೆ ನೋಡಿಕೊಂಡು ಹೋಗುತ್ತಿದ್ದರು. ಕೊಡುವವರಿಗೆ ಇದು ಸಮಾಜ ಸೇವೆ. ಪಡೆದವರಿಗೆ ಹಕ್ಕು ಅನ್ನುವಂಥದ್ದು ಏನೂ ಇರಲಿಲ್ಲ.

1937ರ ಸೆಪ್ಟೆಂಬರ್ 1ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ವ್ಯಾಗ್ನರ್–ಸ್ಟೀಗಲ್ ಕಾಯಿದೆ ಈ ವ್ಯವಸ್ಥೆಯನ್ನು ದೇಶಕ್ಕೆಲ್ಲ ಹರಡಿತು. ಹಣ ವಾಷಿಂಗ್ಟನ್ನಿನದು, ಕಟ್ಟುವುದು, ಬಾಡಿಗೆಗೆ ಕೊಡುವುದು, ಖಾಲಿ ಮಾಡಿಸುವುದು ಆಯಾ ಊರಿನ ವಸತಿ ಪ್ರಾಧಿಕಾರದ ಕೆಲಸ. ವಿವಾದ ಬಂದಾಗಲೆಲ್ಲ ನಿಯಮ ಯಾರದು, ಅಧಿಕಾರ ಯಾರದು ಎಂದು ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಲು ಈ ಹಂಚಿಕೆ ಅನುಕೂಲವಾಯಿತು. ಕರಾರು ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ. ತಿಂಗಳು ಮುಗಿಯುವ ಮೊದಲು ನೋಟಿಸು ಕೊಟ್ಟರೆ ಸಾಕು, ಯಾಕೆ ಎಂದು ಹೇಳುವ ಹಂಗಿಲ್ಲ. ಖಾಸಗಿ ಮನೆ ಮಾಲೀಕನಿಗೆ ಯಾವ ಸ್ವಾತಂತ್ರ್ಯವಿತ್ತೋ ಸರ್ಕಾರಕ್ಕೂ ಅದೇ ಇದೆ ಎಂದು ನ್ಯಾಯಾಲಯಗಳೂ ಬಹುಕಾಲ ಒಪ್ಪಿಕೊಂಡಿದ್ದವು. ಆದಾಯದ ಮಿತಿ ದಾಟಿದರೂ ಮನೆ ಬಿಡಬೇಕು. ಹೀಗಾಗಿ ದುಡಿದು ನಾಲ್ಕು ಕಾಸು ಮೇಲೆ ಬಂದ ಸಂಸಾರಗಳು ಹೊರಗೆ ಹೋಗಬೇಕಾಯಿತು, ಅತಿ ಬಡವರಷ್ಟೇ ಉಳಿಯುತ್ತ ಹೋದರು. 1949ರ ಕಾಯಿದೆ ಇನ್ನೂ 8,10,000 ಮನೆಗಳ ಗುರಿ ಇಟ್ಟುಕೊಂಡಿತು. ಗುರಿ ಮುಟ್ಟಲು ಹಿಡಿದ ಕಾಲ ಅಂದುಕೊಂಡ ಆರು ವರ್ಷಕ್ಕಿಂತ ಎಷ್ಟೋ ಹೆಚ್ಚು.

ಶೀತಲ ಸಮರದ ದಿನಗಳಲ್ಲಿ ಈ ಬಾಡಿಗೆದಾರರ ಮೇಲೆ ಇನ್ನೊಂದು ಷರತ್ತು ಬಂತು. 1952ರ ಗ್ವಿನ್ ತಿದ್ದುಪಡಿಯ ಪ್ರಕಾರ, ದೇಶದ್ರೋಹಿ ಎಂದು ಸರ್ಕಾರ ಪಟ್ಟಿ ಮಾಡಿದ ಯಾವ ಸಂಘಟನೆಯಲ್ಲೂ ತಾವಿಲ್ಲ ಎಂದು ಪ್ರಮಾಣಪತ್ರಕ್ಕೆ ರುಜು ಹಾಕದವರಿಗೆ ಸರ್ಕಾರಿ ಮನೆಯಿಲ್ಲ. ರುಜು ಹಾಕಲು ಒಪ್ಪದ ಕೆಲವರು ನ್ಯಾಯಾಲಯಕ್ಕೆ ಹೋದರು. ಮನೆ ಮಾಲೀಕನಾಗಿದ್ದರೂ ಸರ್ಕಾರ ಸರ್ಕಾರವೇ, ಅದು ಮನಸ್ಸಿಗೆ ಬಂದಂತೆ ನಡೆಯುವಂತಿಲ್ಲ ಎಂಬ ಮಾತು ತೀರ್ಪುಗಳಲ್ಲಿ ಬಂದದ್ದು ಈ ಸಂದರ್ಭದಲ್ಲಿ. ಕೆಲವೇ ವರ್ಷಗಳಲ್ಲಿ ಆ ಷರತ್ತು ಬಿದ್ದುಹೋಯಿತು. ಆದರೆ 1953ರಲ್ಲಿ ನ್ಯೂಯಾರ್ಕ್ ಪ್ರಾಧಿಕಾರ ತಾನೇ ಮಾಡಿಕೊಂಡ ಪಟ್ಟಿಗೆ ಆಯುಸ್ಸು ಹೆಚ್ಚಿತ್ತು. ಅರ್ಜಿದಾರರನ್ನು ‘ಅನಪೇಕ್ಷಿತ’ರೆಂದು ತಳ್ಳಿಹಾಕಲು ಅದರಲ್ಲಿ ಇಪ್ಪತ್ತೊಂದು ಅಂಶಗಳಿದ್ದವು: ಕುಡಿತ, ಸ್ಥಿರವಲ್ಲದ ಕೆಲಸ, ಗಂಡನಿಲ್ಲದೆ ಮಕ್ಕಳನ್ನು ಸಾಕುತ್ತಿರುವ ತಾಯಿ, ಮನೆಯಲ್ಲಿ ಸಾಕಷ್ಟು ಪೀಠೋಪಕರಣ ಇಲ್ಲದಿರುವುದು. ಬಡವರಿಗೆಂದು ಕಟ್ಟಿದ ಮನೆಗೆ ಕುರ್ಚಿ ಮೇಜಿಲ್ಲವೆಂಬ ಕಾರಣಕ್ಕೆ ಬಡವರು ಅನರ್ಹರಾಗಬಹುದಿತ್ತು. ಈ ಪಟ್ಟಿ ಹೋದದ್ದು 1968ರಲ್ಲಿ.

ಹಕ್ಕಿನ ಪ್ರಶ್ನೆ ನೇರವಾಗಿ ಎದ್ದದ್ದು ನ್ಯೂಯಾರ್ಕಿನಲ್ಲಲ್ಲ, ದಕ್ಷಿಣದ ನಾರ್ತ್ ಕೆರೊಲಿನಾ ರಾಜ್ಯದ ಡರ್‌ಹಮ್ ಊರಿನಲ್ಲಿ. ಅಲ್ಲಿನ ಮೆಕ್‌ಡೂಗಲ್ಡ್ ಟೆರೇಸ್ ಎಂಬ ಸರ್ಕಾರಿ ವಸತಿಯಲ್ಲಿ ಮಕ್ಕಳೊಂದಿಗಿದ್ದ ಜಾಯ್ಸ್ ಥಾರ್ಪ್ ಎಂಬಾಕೆಯನ್ನು 1965ರ ಆಗಸ್ಟ್ 10ರಂದು ಬಾಡಿಗೆದಾರರ ಸಂಘದ ಅಧ್ಯಕ್ಷೆಯಾಗಿ ಆರಿಸಲಾಯಿತು. ಮರುದಿನವೇ ನೋಟಿಸು ಬಂತು: ಆಗಸ್ಟ್ 31ಕ್ಕೆ ಕರಾರು ಮುಗಿಯುತ್ತದೆ, ಮನೆ ಬಿಡಬೇಕು. ಕಾರಣ ಬರೆದಿರಲಿಲ್ಲ. ಕೇಳಿದರೂ ಹೇಳಲಿಲ್ಲ. ಕರಾರಿನ ಪ್ರಕಾರ ಹದಿನೈದು ದಿನದ ನೋಟಿಸು ಕೊಟ್ಟರೆ ಸಾಕಿತ್ತು, ಪ್ರಾಧಿಕಾರ ಅಷ್ಟನ್ನು ಕೊಟ್ಟಿತ್ತು. ರಾಜ್ಯದ ನ್ಯಾಯಾಲಯಗಳು ಅದನ್ನೇ ಎತ್ತಿಹಿಡಿದವು.

ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿರುವಾಗಲೇ, 1967ರ ಫೆಬ್ರವರಿ 7ರಂದು, ಕೇಂದ್ರದ ವಸತಿ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಯಾವ ಬಾಡಿಗೆದಾರರನ್ನೇ ಆಗಲಿ ಹೊರಹಾಕುವ ಮುಂಚೆ ಕಾರಣ ತಿಳಿಸಬೇಕು, ಉತ್ತರ ಹೇಳಲು ಅವಕಾಶ ಕೊಡಬೇಕು ಎಂಬುದು ಅದರ ಸಾರ. ಇದು ಬರೀ ಸಲಹೆ, ಪಾಲಿಸಲೇಬೇಕೆಂದಿಲ್ಲ ಎಂದು ಡರ್‌ಹಮ್ಮಿನವರು ವಾದಿಸಿದರು. 1969ರ ಜನವರಿ 13ರಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಓದಿದ ತೀರ್ಪು ಆ ವಾದವನ್ನು ತಳ್ಳಿಹಾಕಿತು; ಸುತ್ತೋಲೆಗೆ ಎಲ್ಲ ಪ್ರಾಧಿಕಾರಗಳೂ ಬದ್ಧ, ಅದರ ಪ್ರಕಾರ ನಡೆಯದೆ ಥಾರ್ಪ್ ಅವರನ್ನು ಹೊರಹಾಕುವಂತಿಲ್ಲ ಎಂದಿತು. ಸಂವಿಧಾನದ ದೊಡ್ಡ ಪ್ರಶ್ನೆಯನ್ನು ನ್ಯಾಯಾಲಯ ಮುಟ್ಟಲೇ ಇಲ್ಲ. ಒಂದು ಇಲಾಖಾ ಸುತ್ತೋಲೆಯ ಮೇಲೆ ನಿಂತ ಗೆಲುವು ಅದು. ಆದರೂ ನೋಟಿಸಿಗೆ ಕಾರಣ ಬೇಕು ಎಂಬ ನಿಯಮ ದೇಶದ ಎಲ್ಲ ಸರ್ಕಾರಿ ಮನೆಗಳಿಗೂ ಅಲ್ಲಿಂದ ಅನ್ವಯಿಸಿತು.

ಇಂಥ ಮೊಕದ್ದಮೆಗಳನ್ನು ನಡೆಸಲು ವಕೀಲರು ಬೇಕು. ಬಾಡಿಗೆ ಕಟ್ಟಲು ಒದ್ದಾಡುವವರು ವಕೀಲರ ಫೀಸು ಕೊಡಲಾರರು. ನ್ಯೂಯಾರ್ಕಿನ ಲೀಗಲ್ ಏಡ್ ಸೊಸೈಟಿ 1876ರಲ್ಲೇ, ಜರ್ಮನ್ ವಲಸಿಗರಿಗೆ ನೆರವಾಗಲೆಂದು ಶುರುವಾಗಿತ್ತು. ಬಡವರ ಮನೆಬಾಗಿಲಲ್ಲೇ ವಕೀಲರ ಕಚೇರಿ ತೆರೆಯುವ ಪ್ರಯೋಗ 1960ರ ದಶಕದ್ದು. ಲೋಯರ್ ಈಸ್ಟ್ ಸೈಡಿನ ‘ಮೊಬಿಲೈಸೇಷನ್ ಫಾರ್ ಯೂತ್’ ಸಂಸ್ಥೆಯಲ್ಲಿ ಎಡ್ವರ್ಡ್ ಸ್ಪೇರರ್ ಕಟ್ಟಿದ ಕಾನೂನು ಘಟಕ ಅದಕ್ಕೆ ಮಾದರಿಯಾಯಿತು. 1965ರಿಂದ ಅಧ್ಯಕ್ಷ ಜಾನ್ಸನ್ನರ ಬಡತನ ವಿರೋಧಿ ಕಾರ್ಯಕ್ರಮದ ಹಣ ಇಂಥ ಕಚೇರಿಗಳಿಗೆ ಹರಿಯಿತು. 1974ರಲ್ಲಿ ಇವಕ್ಕೆಲ್ಲ ಅನುದಾನ ಕೊಡುವ ಲೀಗಲ್ ಸರ್ವೀಸಸ್ ಕಾರ್ಪೊರೇಷನ್ ಸ್ಥಾಪನೆಯಾಯಿತು.

ನ್ಯೂಯಾರ್ಕಿನಲ್ಲಿ ಈ ವಕೀಲರ ಕಣ್ಣು ಬಿದ್ದದ್ದು ಪ್ರಾಧಿಕಾರದ ಫೈಲಿನ ಮೇಲೆ. ಪ್ರತಿ ಬಾಡಿಗೆದಾರರದೂ ಒಂದೊಂದು ಫೈಲು ಮ್ಯಾನೇಜರರ ಬಳಿ ಇರುತ್ತಿತ್ತು. ನೆರೆಯವರ ದೂರು, ಪೊಲೀಸರ ವರದಿ, ಸಿಬ್ಬಂದಿಯ ಟಿಪ್ಪಣಿ ಎಲ್ಲವೂ ಅದರಲ್ಲಿ ಸೇರುತ್ತಿದ್ದವು. ಒಂದು ಸಂಸಾರ ಅನಪೇಕ್ಷಿತ ಎಂದು ಮ್ಯಾನೇಜರ್ ಬರೆದರೆ ಫೈಲು ಪರಿಶೀಲನಾ ಮಂಡಳಿಗೆ ಹೋಗುತ್ತಿತ್ತು. ಬಾಡಿಗೆದಾರರಿಗೆ ಆರೋಪದ ಒಂದೆರಡು ಸಾಲು ತಿಳಿಸಲಾಗುತ್ತಿತ್ತು. ಮಂಡಳಿ ಮಾತ್ರ ಇಡೀ ಫೈಲು ಓದಿ ತೀರ್ಮಾನಿಸುತ್ತಿತ್ತು. ಯಾರು ದೂರಿದರು, ಏನು ದೂರಿದರು ಎಂದು ಹೊರಹೋಗುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ನಿಯಮ ಮುರಿದರೆಂದು ಮ್ಯಾನೇಜರ್ ವಿಚಾರಣೆಯಿಲ್ಲದೆ ದಂಡ ಹಾಕಿ ಬಾಡಿಗೆಗೆ ಸೇರಿಸುವುದೂ ಇತ್ತು. ಇದರ ವಿರುದ್ಧ ಹೂಡಿದ ಎಸ್ಕಲೇರಾ ಮೊಕದ್ದಮೆಯಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ 1970ರ ಏಪ್ರಿಲ್‌ನಲ್ಲಿ ಇದೆಲ್ಲ ಸಂವಿಧಾನದ ಮುಂದೆ ನಿಲ್ಲದು ಎಂದಿತು. ಅದಕ್ಕೆ ಒಂದು ತಿಂಗಳು ಮೊದಲಷ್ಟೇ ಗೋಲ್ಡ್‌ಬರ್ಗ್ ಮೊಕದ್ದಮೆಯಲ್ಲಿ, ವಿಚಾರಣೆ ನಡೆಸದೆ ಬಡವರ ಸಹಾಯಧನ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಮನೆಗೂ ಅದೇ ತರ್ಕ ಒಪ್ಪಿತು. ಎಸ್ಕಲೇರಾ ಮೊಕದ್ದಮೆಯ 1971ರ ರಾಜಿ ಡಿಕ್ರಿಯ ಪ್ರಕಾರ ಪ್ರಾಧಿಕಾರ ಆರೋಪಗಳನ್ನು ಬರೆದು ಕೊಡಬೇಕು, ಸಾಕ್ಷ್ಯವನ್ನು ತೋರಿಸಬೇಕು, ಪಾಟೀಸವಾಲಿಗೆ ಅವಕಾಶ ಕೊಡಬೇಕು. ಅದರ ಚೌಕಟ್ಟಿನಲ್ಲೇ ನ್ಯೂಯಾರ್ಕಿನ ವಿಚಾರಣೆಗಳು ಇವತ್ತಿಗೂ ನಡೆಯುತ್ತವೆ.

ಅದೇ ಹೊತ್ತಿಗೆ ಬಾಡಿಗೆಯ ಮೊತ್ತದ ಜಗಳ ಸೇಂಟ್ ಲೂಯಿಯಲ್ಲಿ ನಡೆಯಿತು. ಅಲ್ಲಿನ ಪ್ರೂಯಿಟ್–ಐಗೋ ಸಮುಚ್ಚಯ ಹನ್ನೊಂದು ಮಹಡಿಯ 33 ಕಟ್ಟಡಗಳದು. ಆಗಿನ ಪದ್ಧತಿಯಲ್ಲಿ ಕಟ್ಟುವ ಸಾಲ ಕೇಂದ್ರದ್ದು, ನಡೆಸುವ ಖರ್ಚು ಬಾಡಿಗೆಯಿಂದಲೇ ಹುಟ್ಟಬೇಕು. ಲಿಫ್ಟು ಕೆಟ್ಟಷ್ಟೂ ಬಾಡಿಗೆ ಏರಿತು. ಸಹಾಯಧನದಲ್ಲಿ ಬದುಕುವ ತಾಯಂದಿರು ಅದರ ಅರ್ಧಕ್ಕಿಂತ ಹೆಚ್ಚನ್ನು ಬಾಡಿಗೆಗೇ ಕಟ್ಟುವ ಸ್ಥಿತಿ ಬಂತು. 1969ರ ಫೆಬ್ರವರಿಯಲ್ಲಿ ಬಾಡಿಗೆದಾರರು ಬಾಡಿಗೆ ಕೊಡುವುದನ್ನೇ ನಿಲ್ಲಿಸಿ ಒಂಬತ್ತು ತಿಂಗಳು ಪಟ್ಟು ಹಿಡಿದರು. ಮುಂಚೂಣಿಯಲ್ಲಿ ಇದ್ದವರು ಜೀನ್ ಕಿಂಗ್, ಲೊರೆಟಾ ಹಾಲ್ ಮೊದಲಾದ ಅಲ್ಲಿನ ಮಹಿಳೆಯರೇ. ಆ ವರ್ಷದ ಕೊನೆಯಲ್ಲಿ ಮ್ಯಾಸಚೂಸೆಟ್ಸ್‌ನ ಸೆನೆಟರ್ ಎಡ್ವರ್ಡ್ ಬ್ರೂಕ್ ಅವರ ತಿದ್ದುಪಡಿ ಬಂದು, ಬಾಡಿಗೆ ಕುಟುಂಬದ ಆದಾಯದ ಶೇ. 25 ದಾಟಬಾರದು ಎಂದು ನಿಗದಿಯಾಯಿತು. 1981ರಲ್ಲಿ ಅದನ್ನು ಶೇ. 30ಕ್ಕೆ ಏರಿಸಿದರು, ಇಂದಿಗೂ ಲೆಕ್ಕ ಅದೇ. ಬಾಡಿಗೆಗೆ ಮಿತಿ ಹಾಕಿದ ಸಂಸತ್ತು, ಆದ ಕೊರತೆಯನ್ನು ತುಂಬಲು ಬೇಕಾದಷ್ಟು ಹಣ ಕೊಡಲಿಲ್ಲ. ಸೋರುವ ಮಾಳಿಗೆ, ತಣ್ಣಗಿನ ಬಾಯ್ಲರುಗಳ ಮುಂದಿನ ಕಥೆಗೆ ಮೂಲ ಈ ಕೊರತೆಯೇ ಹೊರತು ಆಪಾದನೆ ಹೊತ್ತ ಬಾಡಿಗೆದಾರರಲ್ಲ. ಪ್ರೂಯಿಟ್–ಐಗೋವನ್ನು 1972ರಿಂದ ಕೆಡವತೊಡಗಿದರು.

1975ರ ಹೊತ್ತಿಗೆ ಕೇಂದ್ರ ಇಲಾಖೆ ಕರಾರು ಹೇಗಿರಬೇಕು, ಅಹವಾಲು ಹೇಗೆ ಕೇಳಬೇಕು ಎಂಬ ನಿಯಮಗಳನ್ನು ಮಾಡಿತು. ತಕ್ಕ ಕಾರಣವಿಲ್ಲದೆ ಕರಾರು ಮುರಿಯಬಾರದು ಎಂಬುದು 1983ರಲ್ಲಿ ಕಾಯಿದೆಗೇ ಸೇರಿತು. ಈ ನಿಯಮಗಳು ಓದಲು ಒಣಗಿದಂತಿದ್ದರೂ ಮನೆ ಉಳಿಸುವ ಕೆಲಸವೆಲ್ಲ ಇವುಗಳ ಮೇಲೆಯೇ ನಿಂತಿದೆ. ಮೊದಲು ಕಚೇರಿಯಲ್ಲಿ ಮಾತುಕತೆ, ಅಲ್ಲಿ ಬಗೆಹರಿಯದಿದ್ದರೆ ಆ ತೀರ್ಮಾನದಲ್ಲಿ ಕೈಯಿಲ್ಲದ ಬೇರೊಬ್ಬ ಅಧಿಕಾರಿಯ ಮುಂದೆ ವಿಚಾರಣೆ. ಅದಕ್ಕೆ ಮೊದಲು ತಮ್ಮ ಕಡತ ನೋಡುವ ಹಕ್ಕು ಬಾಡಿಗೆದಾರರಿಗಿದೆ. ಕೇಳಿಯೂ ತೋರಿಸದ ಕಾಗದವನ್ನು ಪ್ರಾಧಿಕಾರ ವಿಚಾರಣೆಯಲ್ಲಿ ಬಳಸುವಂತಿಲ್ಲ. ಜೊತೆಗೆ ವಕೀಲರೇ ಬರಬೇಕೆಂದಿಲ್ಲ, ಮಗಳೋ ನೆರೆಮನೆಯಾಕೆಯೋ ಬಂದು ಮಾತಾಡಬಹುದು. ತೀರ್ಪು ಕಾರಣಸಮೇತ ಬರಹದಲ್ಲಿರಬೇಕು. ವಿಚಾರಣೆ ಕೇಳಿಕೊಳ್ಳಲು ಗಡುವಿದೆ. ಬಾಗಿಲ ಕೆಳಗೆ ತೂರಿಸಿದ ಲಕೋಟೆಯನ್ನು ಹೆದರಿ ಒಡೆಯದೆ ಇಟ್ಟುಕೊಂಡವರು ಗಡುವು ಮೀರಿ ಮನೆ ಕಳೆದುಕೊಂಡದ್ದುಂಟು. ನೆರವಿನ ಕಚೇರಿಗಳ ಮೊದಲ ಕೆಲಸ ಬಹಳ ಸಲ ಲಕೋಟೆ ಒಡೆದು ತಾರೀಖು ನೋಡುವುದು.

ಕರಾರು ಒಬ್ಬರ ಹೆಸರಿನಲ್ಲಿ, ಮನೆಯಲ್ಲಿ ವಾಸ ಇಡೀ ಸಂಸಾರದ್ದು. ಒಬ್ಬರ ತಪ್ಪಿಗೆ ಎಲ್ಲರೂ ಬೀದಿಗೆ ಬೀಳಬೇಕೇ? 1974ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ, ಬೇರೆ ವಾಸವಾಗಿರುವ ಬೆಳೆದ ಮಕ್ಕಳ ಕೃತ್ಯಕ್ಕೆ ತಂದೆತಾಯಿಯನ್ನು ಹೊರಹಾಕುವಂತಿಲ್ಲ ಎಂದಿತು. ಹದಿನಾಲ್ಕು ವರ್ಷದ ಮೇಲೆ ಗಾಳಿ ತಿರುಗಿತು. ಕ್ರ್ಯಾಕ್ ಕೊಕೇನಿನ ಭೀತಿಯ ನಡುವೆ ಬಂದ 1988ರ ಮಾದಕವಸ್ತು ವಿರೋಧಿ ಕಾಯಿದೆ ಪ್ರತಿ ಕರಾರಿಗೂ ಒಂದು ಕಲಮು ಸೇರಿಸಿತು: ಮನೆಯ ಸದಸ್ಯರೋ ಅತಿಥಿಯೋ ಮಾದಕವಸ್ತು ಅಪರಾಧದಲ್ಲಿ ತೊಡಗಿದರೆ ಕರಾರು ರದ್ದು ಮಾಡಬಹುದು. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಇದನ್ನು ‘ಒಂದೇ ತಪ್ಪಿಗೆ ಹೊರಗೆ’ ಎಂಬ ನೀತಿಯಾಗಿ ಘೋಷಿಸಿದರು. ಅದೇ ವರ್ಷ ಸಂಸತ್ತು, ಕೇಂದ್ರದ ಅನುದಾನ ಪಡೆಯುವ ಕಾನೂನು ನೆರವು ಕಚೇರಿಗಳು ಸಾಮೂಹಿಕ ಮೊಕದ್ದಮೆ ಹೂಡುವುದನ್ನೂ, ಮಾದಕವಸ್ತು ಆರೋಪದ ಮೇಲೆ ಸರ್ಕಾರಿ ಮನೆಯಿಂದ ಹೊರಹಾಕಲಾಗುತ್ತಿರುವವರ ಪರ ನಿಲ್ಲುವುದನ್ನೂ ನಿಷೇಧಿಸಿತು. ಮನೆ ಕಳೆದುಕೊಳ್ಳುವ ಭಯ ಅತಿ ಹೆಚ್ಚಿದ್ದವರಿಗೇ ವಕೀಲರು ಸಿಗದಂತಾದದ್ದು ಹೀಗೆ.

ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನ ಪ್ರಕರಣ 2002ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಅದರಲ್ಲಿದ್ದವರೆಲ್ಲ ವಯಸ್ಸಾದವರು. ಒಬ್ಬಾಕೆಯ ಮಗಳ ಬಳಿ ಮನೆಯಿಂದ ಮೂರು ಬೀದಿ ಆಚೆ ಕೊಕೇನು ಸಿಕ್ಕಿತ್ತು. ಇನ್ನಿಬ್ಬರ ಮೊಮ್ಮಕ್ಕಳು ವಾಹನ ನಿಲ್ಲಿಸುವ ಜಾಗದಲ್ಲಿ ಗಾಂಜಾ ಸೇದಿದ್ದರು. ಅಂಗವೈಕಲ್ಯವಿದ್ದ ಎಪ್ಪತ್ತೈದರ ಮುದುಕನೊಬ್ಬನ ಆರೈಕೆಗೆ ಬರುತ್ತಿದ್ದವರು ಮಾದಕವಸ್ತು ಇಟ್ಟುಕೊಂಡಿದ್ದರು. ತಮಗೆ ಇದೊಂದೂ ಗೊತ್ತಿರಲಿಲ್ಲ ಎಂಬುದು ಅವರ ಅಳಲು. ಗೊತ್ತಿದ್ದರೂ ಇಲ್ಲದಿದ್ದರೂ ಕಾಯಿದೆ ಹೊರಹಾಕುವ ಅಧಿಕಾರ ಕೊಡುತ್ತದೆ ಎಂದು ನ್ಯಾಯಾಲಯ ಎಂಟೂ ಮತಗಳಿಂದ ತೀರ್ಮಾನಿಸಿತು. ಆದರೆ ಹಾಗೆ ಮಾಡಲೇಬೇಕು ಎಂದು ಅದು ಹೇಳಲಿಲ್ಲ. ಪ್ರತಿ ಪ್ರಕರಣದ ಹಿನ್ನೆಲೆ ನೋಡಿ ವಿವೇಚನೆ ಬಳಸಬಹುದು ಎಂದಿತು. ಅಲ್ಲಿಂದ ವಕೀಲರ ವಾದವೆಲ್ಲ ಈ ವಿವೇಚನೆಯ ಮೇಲೇ. 2005ರ ಕಾಯಿದೆಯೊಂದರಲ್ಲಿ, ಹೊಡೆತ ತಿಂದ ಹೆಣ್ಣನ್ನು ಆ ಗಲಾಟೆಯ ಕಾರಣಕ್ಕೇ ಮನೆಯಿಂದ ಹೊರಹಾಕುವಂತಿಲ್ಲ ಎಂಬ ರಕ್ಷಣೆ ಬಂತು. ಬರೀ ಬಂಧನವಾಗಿದೆ ಎಂಬುದು ಅಪರಾಧಕ್ಕೆ ಪುರಾವೆಯಲ್ಲ ಎಂದು ಇಲಾಖೆ 2015ರಲ್ಲಿ ತಿಳಿಸಿತು.

ನ್ಯೂಯಾರ್ಕಿನಲ್ಲಿ ಇಂಥ ಪ್ರಕರಣಗಳು ಹೆಚ್ಚಾಗಿ ‘ಕಾಯಂ ಹೊರಗಿಡುವಿಕೆ’ಯ ರಾಜಿಯಲ್ಲಿ ಮುಗಿಯುತ್ತವೆ. ಮಗನನ್ನು ಇನ್ನೆಂದೂ ಮನೆಯೊಳಗೆ ಸೇರಿಸುವುದಿಲ್ಲ ಎಂದು ತಾಯಿ ಬರೆದುಕೊಡುತ್ತಾಳೆ, ಉಳಿದವರ ಪಾಲಿಗೆ ಮನೆ ಉಳಿಯುತ್ತದೆ. ಪರಿಶೀಲನೆಗೆ ಸಿಬ್ಬಂದಿ ಹೇಳದೆ ಕೇಳದೆ ಬರಬಹುದು. ಹಬ್ಬದ ಊಟಕ್ಕೆ ಬಂದ ಮಗ ಒಳಗೆ ಸಿಕ್ಕಿಬಿದ್ದರೆ ಕರಾರು ಮತ್ತೆ ಅಪಾಯಕ್ಕೆ ಬೀಳುತ್ತದೆ. ಮನೆ ಉಳಿಸಿಕೊಳ್ಳಲು ಸಂಸಾರ ಒಡೆಯಬೇಕಾದ ಈ ಏರ್ಪಾಡನ್ನು ಗೆಲುವೆಂದು ಕರೆಯುವ ವಕೀಲರು ಕಡಿಮೆ.

ಕರಾರು ಇದ್ದವರು ತೀರಿಕೊಂಡಾಗ ಏಳುವುದು ಇನ್ನೊಂದು ಪ್ರಶ್ನೆ. ಸರ್ಕಾರಿ ಮನೆ ಆಸ್ತಿಯಲ್ಲ, ಮರಣಶಾಸನದಲ್ಲಿ ಬರೆದು ಕೊಡುವಂತಿಲ್ಲ. ನಮ್ಮಲ್ಲಿ ಪೌತಿ ಖಾತೆಗೆ ವಂಶವೃಕ್ಷ ಸಾಕಾದೀತು. ನ್ಯೂಯಾರ್ಕಿನಲ್ಲಿ ರಕ್ತಸಂಬಂಧ ಒಂದರಿಂದ ಏನೂ ಆಗದು. ‘ಉಳಿದ ಕುಟುಂಬ ಸದಸ್ಯ’ ಎಂಬ ನಿಯಮದಡಿ ಕರಾರು ತಮ್ಮ ಹೆಸರಿಗೆ ಬರಬೇಕಾದರೆ, ಆ ಮನೆಗೆ ಕಾಯಂ ಆಗಿ ಸೇರಲು ಪ್ರಾಧಿಕಾರದ ಲಿಖಿತ ಅನುಮತಿ ಮೊದಲೇ ಪಡೆದಿರಬೇಕು, ಅನುಮತಿ ಸಿಕ್ಕಮೇಲೆ ಕನಿಷ್ಠ ಒಂದು ವರ್ಷ ವಾಸವಿದ್ದಿರಬೇಕು, ವರ್ಷಕ್ಕೊಮ್ಮೆ ಕೊಡುವ ಆದಾಯದ ಘೋಷಣೆಯಲ್ಲಿ ಹೆಸರು ಇರಬೇಕು.

ಎಡವುವುದು ಇಲ್ಲಿಯೇ. ಅಜ್ಜಿಗೆ ಕಾಯಿಲೆಯಾಗಿ ಮೊಮ್ಮಗಳು ಬಂದು ಸೇರಿಕೊಳ್ಳುತ್ತಾಳೆ. ಅವಳ ಹೆಸರು ಬರೆಸಿದರೆ ಅವಳ ಸಂಬಳವೂ ಲೆಕ್ಕಕ್ಕೆ ಸೇರಿ ಬಾಡಿಗೆ ಏರುತ್ತದೆ, ಆದ್ದರಿಂದ ಬರೆಸುವುದಿಲ್ಲ. ಕಾವಲಿನವರು, ಮ್ಯಾನೇಜರು, ನೆರೆಯವರು ಅವಳನ್ನು ದಿನಾ ನೋಡಿರುತ್ತಾರೆ. ಅಜ್ಜಿ ತೀರಿಕೊಂಡ ಮೇಲೆ ಕಚೇರಿಗೆ ಹೋದಾಗ, ಕಾಗದದಲ್ಲಿ ಅವಳಿಲ್ಲ. ಮ್ಯಾನೇಜರಿಗೆ ಗೊತ್ತಿತ್ತಲ್ಲ ಎಂಬ ವಾದವನ್ನು ನ್ಯೂಯಾರ್ಕಿನ ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪಿಲ್ಲ. ಸಿಬ್ಬಂದಿಯ ಮೌನಕ್ಕೆ ಪ್ರಾಧಿಕಾರ ಕಟ್ಟುಬೀಳದು ಎಂಬುದು ಅವುಗಳ ನಿಲುವು. ದಿಢೀರನೆ ಯಾರೂ ಹೊರಹಾಕುವುದಿಲ್ಲ: ಅಹವಾಲು, ವಿಚಾರಣೆ, ಅದೂ ಸೋತರೆ ನಾಲ್ಕು ತಿಂಗಳೊಳಗೆ ರಾಜ್ಯದ ನ್ಯಾಯಾಲಯದಲ್ಲಿ ನಮ್ಮ ರಿಟ್ ಅರ್ಜಿಯನ್ನು ಹೋಲುವ ‘ಆರ್ಟಿಕಲ್ 78’ ಅರ್ಜಿ. ಅಲ್ಲಿಯವರೆಗೆ ವಾಸದ ಶುಲ್ಕ ಕಟ್ಟುತ್ತಿರಬೇಕು.

ಅದೇ ನಗರದ ಬಾಡಿಗೆ ನಿಯಂತ್ರಣದ ಖಾಸಗಿ ಮನೆಗಳಲ್ಲಿ ಕುಟುಂಬದ ಅರ್ಥ ಇಷ್ಟು ಬಿಗಿಯಾಗಿಲ್ಲ. 1989ರ ಬ್ರಾಸ್ಕಿ ಪ್ರಕರಣದಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ, ಒಟ್ಟಿಗೆ ಹತ್ತು ವರ್ಷ ಬಾಳಿದ ಇಬ್ಬರು ಗಂಡಸರಲ್ಲಿ ಒಬ್ಬರು ತೀರಿಕೊಂಡಾಗ ಇನ್ನೊಬ್ಬರು ಕುಟುಂಬದವರೇ ಎಂದಿತು. ಬದುಕಿದ ರೀತಿಯನ್ನು ನೋಡಿದ ತೀರ್ಪು ಅದು. ಸರ್ಕಾರಿ ಮನೆಯಲ್ಲಿ ಮಾತ್ರ ಅರ್ಜಿ ನಮೂನೆಯೇ ಮುಖ್ಯ. ಆದ್ದರಿಂದ ಬಾಡಿಗೆದಾರರ ಸಂಘಗಳೂ ಕಾನೂನು ನೆರವಿನವರೂ ಸಭೆಗಳಲ್ಲಿ ಹೇಳುವ ಮುಖ್ಯ ಮಾತು ಮನೆಯ ಹಿರಿಯರು ಇರುವಾಗಲೇ ಹೆಸರು ಸೇರಿಸಿ, ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆದು ಜೋಪಾನ ಮಾಡಿ ಎಂಬುದು.

ಅಮೆರಿಕದಲ್ಲಿ ಕ್ರಿಮಿನಲ್ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಎಂಬ ನಿಯಮ 1963ರಿಂದಲೇ ಇದೆ. ಮನೆ ಕಳೆದುಕೊಳ್ಳುವವರಿಗೆ ಇರಲಿಲ್ಲ. ನ್ಯೂಯಾರ್ಕಿನ ಹೌಸಿಂಗ್ ಕೋರ್ಟಿನಲ್ಲಿ 2013ರ ಸುಮಾರಿಗೆ ವಕೀಲರಿದ್ದ ಬಾಡಿಗೆದಾರರು ನೂರಕ್ಕೆ ಒಬ್ಬರು; ಮಾಲೀಕರ ಪರ ಹೆಚ್ಚುಕಡಿಮೆ ಯಾವಾಗಲೂ ವಕೀಲರಿರುತ್ತಿದ್ದರು. 2017ರ ಆಗಸ್ಟ್‌ನಲ್ಲಿ ಕಡಿಮೆ ಆದಾಯದ ಬಾಡಿಗೆದಾರರಿಗೆ ಉಚಿತ ವಕೀಲರನ್ನು ಒದಗಿಸುವ ಕಾನೂನು ಮಾಡಿದ ಮೊದಲ ಅಮೆರಿಕನ್ ನಗರ ನ್ಯೂಯಾರ್ಕ್. ಪ್ರಾಧಿಕಾರದ ಒಳಗಿನ ಕರಾರು ರದ್ದತಿ ವಿಚಾರಣೆಗಳೂ ಅದರಲ್ಲಿ ಸೇರಿವೆ.

ಈ ನಡುವೆ ಸರ್ಕಾರಿ ವಸತಿಯೇ ಕರಗುತ್ತ ಬಂದಿದೆ. 1992ರ ‘ಹೋಪ್ ಸಿಕ್ಸ್’ ಯೋಜನೆಯಡಿ ಹಳೆಯ ಕಟ್ಟಡಗಳನ್ನು ಕೆಡವಿದರು. ಕೆಡವಿದ ಪ್ರತಿ ಮನೆಗೂ ಒಂದು ಹೊಸ ಮನೆ ಕಟ್ಟಬೇಕೆಂಬ ನಿಯಮವನ್ನು 1998ರಲ್ಲಿ ತೆಗೆದೇಬಿಟ್ಟರು. ಶಿಕಾಗೋದ ಕ್ಯಾಬ್ರಿನಿ–ಗ್ರೀನ್‌ನ ಕೊನೆಯ ಗೋಪುರ 2011ರಲ್ಲಿ ನೆಲಸಮವಾಯಿತು. 2012ರಿಂದ ಬಂದ ‘ರ್‍ಯಾಡ್’ ಯೋಜನೆಯಲ್ಲಿ ಮನೆಗಳ ನಿರ್ವಹಣೆ ಖಾಸಗಿಯವರ ಕೈಗೆ ಹೋಗುತ್ತದೆ, ಅನುದಾನದ ಶೀರ್ಷಿಕೆ ಬದಲಾಗುತ್ತದೆ. ಇದ್ದವರನ್ನು ಮತ್ತೆ ಅರ್ಹತಾ ಪರೀಕ್ಷೆಗೆ ಒಳಪಡಿಸಬಾರದು, ಬಾಡಿಗೆ ಆದಾಯದ ಶೇ. 30, ದುರಸ್ತಿಗಾಗಿ ಹೊರಹೋದವರು ಮರಳಿ ಬರಬಹುದು ಎಂಬ ಷರತ್ತುಗಳಿವೆ. ನ್ಯೂಯಾರ್ಕ್ ರಾಜ್ಯ 2022ರಲ್ಲಿ ಇನ್ನೊಂದು ದಾರಿಯಾಗಿ ಸಾರ್ವಜನಿಕ ಟ್ರಸ್ಟ್ ಒಂದನ್ನು ಸ್ಥಾಪಿಸಿ, ಯಾವುದು ಬೇಕೆಂದು ಬಾಡಿಗೆದಾರರೇ ಮತ ಹಾಕಿ ಆರಿಸುವ ಅವಕಾಶ ಕೊಟ್ಟಿತು. ಮೊದಲ ಮತದಾನ 2023ರಲ್ಲಿ ಬ್ರೂಕ್ಲಿನ್ನಿನ ನಾಸ್ಟ್ರಂಡ್ ಹೌಸಸ್‌ನಲ್ಲಿ ನಡೆದು ಟ್ರಸ್ಟ್ ಗೆದ್ದಿತು. ಹೀಗೆ ಕೈಬದಲಾದ ಸಮುಚ್ಚಯಗಳಲ್ಲಿ ಪ್ರತಿ ಕುಟುಂಬವೂ ಹೊಸ ಕರಾರಿಗೆ ರುಜು ಹಾಕಬೇಕು. ಅದರಲ್ಲಿ ನಮೂದಾಗುವುದು ಪ್ರಾಧಿಕಾರದ ದಾಖಲೆಯಲ್ಲಿ ಆಗಲೇ ಇರುವ ಹೆಸರುಗಳು ಮಾತ್ರ.